ಉಲುರು ಕಡೆ ಕ್ಯಾಂಪಿಂಗ್ ಹೋಗುವ ಮುಂಚೆ: ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯಾದ ನಡುಮಧ್ಯದ ಕೆಂಪು ಮರುಭೂಮಿಗೆ ಗೈಡ್ ಜೊತೆ ಕ್ಯಾಂಪಿಂಗ್ ಹೋಗುವುದರ ಬಗ್ಗೆ ಕನ್ನಡದ ಗೆಳೆಯರು, ಅವರ ಮನೆಯವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಕೆಲವರು ಫೋನ್ ಮಾಡಿ ಕೇಳುತ್ತಾರೆ, ಕೆಲವರು ಸಂಘದ ಊಟದ ಸಾಲಿನಲ್ಲಿ ಹಿಡಿದು ನಿಲ್ಲಿಸುತ್ತಾರೆ. ಆ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಆಳದ್ದು.

## ಹೊರಡುವ ಮುಂಚೆ

ಉಲುರು ಅಂದ್ರೆ ಆ ದೊಡ್ಡ ಕೆಂಪು ಬಂಡೆ ತಾನೇ? ಅದೊಂದನ್ನ ನೋಡೋಕೆ ಅಷ್ಟು ದೂರ ಹೋಗಬೇಕಾ?

ಬಂಡೆ ಹೌದು. ಸುತ್ತಲಿನ ಬಯಲಿನಿಂದ 348 ಮೀಟರ್ ಎತ್ತರ, ಬುಡದ ಸುತ್ತಳತೆ 9 ಕಿಲೋಮೀಟರಿಗಿಂತ ಜಾಸ್ತಿ. ಆದರೆ ಫೋಟೊದಲ್ಲಿ ಕಾಣುವುದು ಅದರ ಒಂದು ಮುಖ ಅಷ್ಟೇ. ಹತ್ತಿರ ಹೋದರೆ ಗುಹೆ, ಕೊರಕಲು, ನೀರಿನ ಹೊಂಡ, ಹಳೆಯ ಚಿತ್ರಗಳು, ಮರಗಳ ನೆರಳು, ಹಕ್ಕಿಗಳು ಎಲ್ಲವೂ ಇವೆ. ಅಲ್ಲಿಂದ ಸುಮಾರು 50 ಕಿಲೋಮೀಟರ್ ರಸ್ತೆಯಲ್ಲಿ ಹೋದರೆ ಕಟ ಜುಟ. ಅಲ್ಲಿ ಗುಮ್ಮಟದಂಥ 36 ಬೆಟ್ಟಗಳಿವೆ, ಅವುಗಳಲ್ಲಿ ಎತ್ತರದ್ದು ಉಲುರುವಿಗಿಂತ ಸುಮಾರು 200 ಮೀಟರ್ ಎತ್ತರ. ಇನ್ನೂ 300 ಕಿಲೋಮೀಟರ್ ಆಚೆ ವಟಾರ್ಕಾ ರಾಷ್ಟ್ರೀಯ ಉದ್ಯಾನ, ಅದರೊಳಗೆ ಕಿಂಗ್ಸ್ ಕ್ಯಾನ್ಯನ್. ಈ ಮೂರನ್ನೂ ಸೇರಿಸಿ ನೋಡಿದರೇ ಅಲ್ಲಿಗೆ ಹೋದದ್ದಕ್ಕೆ ಅರ್ಥ.

ಟಿಕೆಟ್‌ನಲ್ಲಿ ಏರ್ಸ್ ರಾಕ್ ಅಂತಿದೆ. ತಪ್ಪು ಊರಿಗೆ ಬುಕ್ ಮಾಡಿಬಿಟ್ಟೆವಾ?

ಇಲ್ಲ, ಸರಿಯಾಗೇ ಇದೆ. ವಿಮಾನ ನಿಲ್ದಾಣಕ್ಕೆ ಇನ್ನೂ ಆ ಹೆಸರೇ ಇದೆ. 1873ರಲ್ಲಿ ವಿಲಿಯಂ ಗಾಸ್ ಎಂಬ ಸರ್ವೇಯರ್ ದಕ್ಷಿಣ ಆಸ್ಟ್ರೇಲಿಯಾದ ಹೆನ್ರಿ ಏರ್ಸ್ ಎಂಬ ರಾಜಕಾರಣಿಯ ಹೆಸರನ್ನು ಬಂಡೆಗೆ ಇಟ್ಟ. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಅದನ್ನು ಉಲುರು ಎನ್ನುತ್ತಿದ್ದರು. 1993ರಿಂದ ಎರಡೂ ಹೆಸರು ಅಧಿಕೃತ. ಮಾತಿನಲ್ಲಿ ಉಲುರು ಎಂದೇ ಹೇಳಿ.

ಈ ನಿಲ್ದಾಣದಲ್ಲಿ ಇಳಿದರೆ ಪಕ್ಕದಲ್ಲೇ ಯುಲಾರ ಎಂಬ ಪುಟ್ಟ ಊರು. ಇನ್ನೊಂದು ದಾರಿ ಆಲಿಸ್ ಸ್ಪ್ರಿಂಗ್ಸ್‌ಗೆ ಹೋಗುವುದು. ಅಲ್ಲಿಂದ ಉಲುರುವಿಗೆ ರಸ್ತೆಯಲ್ಲಿ ಸುಮಾರು 450 ಕಿಲೋಮೀಟರ್. ಕ್ಯಾಂಪಿಂಗ್ ಟ್ರಿಪ್‌ಗಳು ಎರಡೂ ಕಡೆಯಿಂದ ಹೊರಡುತ್ತವೆ. ಬುಕ್ ಮಾಡುವ ಮುಂಚೆ ಎಲ್ಲಿಂದ ಶುರು, ಎಲ್ಲಿ ಕೊನೆ ಎಂದು ಕೇಳಿಕೊಳ್ಳಿ. ಶುರುವಾಗುವ ಊರು ಒಂದು, ಮುಗಿಯುವ ಊರು ಇನ್ನೊಂದು ಆಗಿರುವುದು ಮಾಮೂಲು.

ನಾವೇ ಕಾರು ಬಾಡಿಗೆಗೆ ತಗೊಂಡು ಹೋದ್ರೆ ಆಗಲ್ವಾ? ಗೈಡ್‌ಗೆ ಯಾಕೆ ದುಡ್ಡು ಕೊಡಬೇಕು?

ಆಗುತ್ತದೆ, ಡಾಂಬರು ರಸ್ತೆಯೇ ಇದೆ. ಆದರೂ ಮೊದಲ ಸಲಕ್ಕೆ ಗೈಡ್ ಜೊತೆಗೇ ಹೋಗಿ ಎನ್ನುತ್ತೇನೆ. ಕಾರಣ ಎರಡು. ಒಂದು, ದೂರ ಮತ್ತು ರಾತ್ರಿ. ಕತ್ತಲಾದ ಮೇಲೆ ರಸ್ತೆಗೆ ಕಾಂಗರೂ, ದನ, ಒಂಟೆ ಅಡ್ಡ ಬರುತ್ತವೆ. ಊರಾಚೆ ರಾತ್ರಿ ಓಡಿಸಿದರೆ ಬಾಡಿಗೆ ಕಾರಿನ ವಿಮೆ ಅನೇಕ ಸಲ ಅನ್ವಯಿಸುವುದೇ ಇಲ್ಲ. ಪೆಟ್ರೋಲ್ ಬಂಕ್‌ಗಳ ನಡುವೆ ಕೆಲವು ಕಡೆ ನೂರು ಕಿಲೋಮೀಟರಿಗಿಂತ ಜಾಸ್ತಿ ದೂರ ಏನೂ ಇಲ್ಲ, ಫೋನ್ ಸಿಗ್ನಲ್ಲೂ ಇಲ್ಲ.

ಎರಡನೆಯದು ಮುಖ್ಯ. ಸುಮ್ನೆ ನೋಡಿಕೊಂಡು ಹೋದರೆ ಅದು ಕಲ್ಲು ಮತ್ತು ಪೊದೆ. ಯಾವ ಪೊದೆಯ ಅಂಟಿನಿಂದ ಈಟಿಯ ಮೊನೆ ಕೂರಿಸುತ್ತಾರೆ, ಯಾವ ಗುಹೆಯಲ್ಲಿ ಅಜ್ಜಂದಿರು ಹುಡುಗರಿಗೆ ಪಾಠ ಹೇಳುತ್ತಿದ್ದರು, ಎಲ್ಲಿ ಕ್ಯಾಮೆರಾ ಕೆಳಗಿಡಬೇಕು ಎನ್ನುವುದು ಹೇಳುವವರಿದ್ದರೆ ಮಾತ್ರ ಗೊತ್ತಾಗುತ್ತದೆ. ಆ ನೆಲದ ಒಡೆಯರಾದ ಅನಂಗು ಎಂಬ ಮೂಲನಿವಾಸಿ ಜನರೇ ನಡೆಸುವ ನಡಿಗೆಗಳೂ ಇವೆ. ಟ್ರಿಪ್‌ನಲ್ಲಿ ಅದು ಸೇರಿಲ್ಲದಿದ್ದರೆ ಬೇರೆಯಾಗಿ ದುಡ್ಡು ಕೊಟ್ಟಾದರೂ ಒಂದಕ್ಕೆ ಹೋಗಿ.

ಮೂರು ದಿನದಲ್ಲಿ ಏನೇನು ತೋರಿಸ್ತಾರೆ?

ಆಲಿಸ್ ಸ್ಪ್ರಿಂಗ್ಸ್‌ನಿಂದ ಹೊರಟರೆ ಮೊದಲ ದಿನ ಅರ್ಧ ಹೊತ್ತು ವ್ಯಾನಿನಲ್ಲೇ ಕಳೆಯುತ್ತದೆ. ದಾರಿಯಲ್ಲಿ ದೂರಕ್ಕೆ ಒಂದು ಚಪ್ಪಟೆ ತಲೆಯ ಬೆಟ್ಟ ಕಾಣುತ್ತದೆ, ಎಲ್ಲರೂ ಉಲುರು ಬಂತು ಎಂದು ಫೋನ್ ತೆಗೆಯುತ್ತಾರೆ. ಅದು ಅಟಿಲಾ, ಇನ್ನೊಂದು ಹೆಸರು ಮೌಂಟ್ ಕಾನರ್. ಸಂಜೆ ಉಲುರು ಮುಂದೆ ಸೂರ್ಯಾಸ್ತ. ಎರಡನೇ ದಿನ ಬೆಳಗಿನ ಜಾವ ಎದ್ದು ಸೂರ್ಯೋದಯ, ಕಟ ಜುಟದಲ್ಲಿ ನಡಿಗೆ, ಆಮೇಲೆ ಕಿಂಗ್ಸ್ ಕ್ಯಾನ್ಯನ್ ಕಡೆ ಪಯಣ. ಮೂರನೇ ದಿನ ಕ್ಯಾನ್ಯನ್ ಅಂಚಿನ ಮೇಲೆ 6 ಕಿಲೋಮೀಟರ್ ನಡಿಗೆ, ಸಂಜೆಗೆ ವಾಪಸ್. ಇದು ಸಾಮಾನ್ಯ ಕ್ರಮ, ಕಂಪನಿಯಿಂದ ಕಂಪನಿಗೆ ಸ್ವಲ್ಪ ಆಚೀಚೆ ಆಗುತ್ತದೆ.

ಎರಡು ದಿನದ ಟ್ರಿಪ್ ಕಡಿಮೆ ದುಡ್ಡಿಗೆ ಸಿಗುತ್ತದೆ ಎಂದು ಆಸೆಪಡಬೇಡಿ. ಕಿಟಕಿಯಿಂದ ನೋಡಿದ್ದೇ ಜಾಸ್ತಿ ಆಗುತ್ತದೆ.

ಯಾವ ತಿಂಗಳು ಹೋಗೋದು ಒಳ್ಳೇದು?

ಮೇಯಿಂದ ಸೆಪ್ಟೆಂಬರ್. ಆಗ ಅಲ್ಲಿ ಚಳಿಗಾಲ. ಹಗಲು ಹಿತವಾಗಿರುತ್ತದೆ, ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುವುದೂ ಉಂಟು. ಡಿಸೆಂಬರ್ ರಜೆಯಲ್ಲಿ ಹೋಗುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಆಗ ಬಿಸಿಲು 40 ಡಿಗ್ರಿ ದಾಟುತ್ತದೆ. 36 ಡಿಗ್ರಿ ಮುನ್ಸೂಚನೆ ಇದ್ದರೆ ಕಟ ಜುಟದ ಗಾಳಿ ಕಣಿವೆಯ ದಾರಿಯನ್ನು ಬೆಳಗ್ಗೆ 11ಕ್ಕೆ ಮುಚ್ಚುತ್ತಾರೆ. ಕಿಂಗ್ಸ್ ಕ್ಯಾನ್ಯನ್ ಹತ್ತುವುದನ್ನು 9ರೊಳಗೆ ಶುರು ಮಾಡಬೇಕು. ಬೇಸಿಗೆಯಲ್ಲಿ ನೊಣಗಳ ಕಾಟವೂ ಇದೆ, ಮುಖಕ್ಕೆ ಬಲೆ ಹಾಕಿಕೊಳ್ಳದೆ ಮಾತಾಡಲೂ ಆಗುವುದಿಲ್ಲ.

## ಕ್ಯಾಂಪಿನಲ್ಲಿ

ಟೆಂಟ್ ಇಲ್ಲದೆ ಬಯಲಲ್ಲೇ ಮಲಗಿಸ್ತಾರಂತೆ, ನಿಜಾನಾ?

ನಿಜ. ಬೇಡ ಎಂದರೆ ಟೆಂಟ್ ಕೊಡುವ ಟ್ರಿಪ್ ಆರಿಸಿಕೊಳ್ಳಬಹುದು. ಆದರೆ ಸ್ವ್ಯಾಗ್‌ನಲ್ಲಿ ಒಂದು ರಾತ್ರಿಯಾದರೂ ಮಲಗಿ. ಸ್ವ್ಯಾಗ್ ಅಂದರೆ ದಪ್ಪ ಕ್ಯಾನ್ವಾಸ್ ಚೀಲ, ಒಳಗೇ ತೆಳು ಹಾಸಿಗೆ ಹೊಲಿದಿರುತ್ತದೆ. ಸುರುಳಿ ಬಿಚ್ಚಿ ಮರಳಿನ ಮೇಲೆ ಹರಡಬೇಕು. ಅದರೊಳಗೆ ಸ್ಲೀಪಿಂಗ್ ಬ್ಯಾಗ್ ತೂರಿಸಿ, ನೀವು ಒಳಗೆ ಸೇರಿ ಜಿಪ್ ಎಳೆದುಕೊಳ್ಳಬೇಕು. ತಲೆಯ ಕಡೆ ಒಂದು ಅಗಲ ಪಟ್ಟಿ ಇರುತ್ತದೆ, ಗಾಳಿ ಬಂದರೆ ಅದನ್ನು ಮುಖದ ಮೇಲೆ ಎಳೆದುಕೊಳ್ಳಿ. ಶೂಗಳನ್ನು ಹೊರಗೆ ಬಿಡಬೇಡಿ, ಆ ಪಟ್ಟಿಯ ಕೆಳಗೆ ಇಟ್ಟುಕೊಳ್ಳಿ, ಬೆಳಗ್ಗೆ ಹಾಕುವ ಮುಂಚೆ ಒಮ್ಮೆ ಕೊಡವಿ. ಜುಲೈನಲ್ಲಿ ಬೆಳಗ್ಗೆ ಕ್ಯಾನ್ವಾಸ್ ಮೇಲೆ ತೆಳುವಾಗಿ ಮಂಜುಗಟ್ಟಿರುತ್ತದೆ, ಒಳಗೆ ಮಾತ್ರ ಬೆಚ್ಚಗೆ. ಉಣ್ಣೆ ಟೋಪಿ ಮತ್ತು ಒಣಗಿದ ಕಾಲುಚೀಲ ಇದ್ದರೆ ಸಾಕು. ಬೆಂಕಿಗೆ ತೀರ ಹತ್ತಿರ ಹಾಸಬೇಡಿ, ಕಿಡಿ ಹಾರುತ್ತದೆ.

ಒಂದು ಮಾತು ಗೊತ್ತಿರಲಿ. ಉಲುರು-ಕಟ ಜುಟ ರಾಷ್ಟ್ರೀಯ ಉದ್ಯಾನದ ಒಳಗೆ ಯಾರಿಗೂ ರಾತ್ರಿ ಉಳಿಯಲು ಬಿಡುವುದಿಲ್ಲ. ಕ್ಯಾಂಪ್ ಯುಲಾರದಲ್ಲೋ ಹೊರಗೆ ದನ ಸಾಕುವ ದೊಡ್ಡ ಜಮೀನುಗಳಲ್ಲೋ ಇರುತ್ತದೆ.

ಹಾವು, ಚೇಳು, ಡಿಂಗೊ ಬರಲ್ವಾ?

ಇವೆ. ಚಳಿಗಾಲದಲ್ಲಿ ಹಾವುಗಳು ಹೊರಗೆ ಕಾಣುವುದೇ ಅಪರೂಪ. ಡಿಂಗೊ ಅಂದರೆ ಅಲ್ಲಿನ ಕಾಡುನಾಯಿ, ಅದು ಬರುವುದು ತಿಂಡಿಯ ವಾಸನೆಗೆ. ಊಟದ ಪಾತ್ರೆ, ಕಸ, ಚರ್ಮದ ಚಪ್ಪಲಿ ಹೊರಗೆ ಬಿಡದಿದ್ದರೆ ಹಾಗೇ ಹೋಗುತ್ತದೆ. ಅದಕ್ಕೆ ಏನನ್ನೂ ಹಾಕಬೇಡಿ. ರಾತ್ರಿ ಎದ್ದರೆ ಟಾರ್ಚ್ ಹಿಡಿದು, ಶೂ ಹಾಕಿಕೊಂಡೇ ನಡೆಯಿರಿ.

ನಾವು ಶುದ್ಧ ಸಸ್ಯಾಹಾರಿಗಳು, ಊಟಕ್ಕೆ ಏನ್ ಸಿಗುತ್ತೆ?

ಬುಕ್ ಮಾಡುವಾಗಲೇ ಬರೆದು ತಿಳಿಸಿ, ಮೊದಲ ದಿನ ಗೈಡ್‌ಗೆ ಬಾಯಲ್ಲೂ ಹೇಳಿ. ಕ್ಯಾಂಪಿನ ಅಡುಗೆ ಎಂದರೆ ಎಲ್ಲರೂ ಸೇರಿ ತರಕಾರಿ ಹೆಚ್ಚಿ, ಪಾತ್ರೆ ತೊಳೆದು ಮಾಡುವ ಅಡುಗೆ. ಅನ್ನ, ಪಾಸ್ತಾ, ಬೀನ್ಸ್, ಸುಟ್ಟ ಆಲೂಗಡ್ಡೆ ಸಿಗುತ್ತದೆ. ಕೆಂಡದ ನಡುವೆ ಕಬ್ಬಿಣದ ಪಾತ್ರೆ ಇಟ್ಟು ಡ್ಯಾಂಪರ್ ಎಂಬ ದಪ್ಪ ರೊಟ್ಟಿ ಬೇಯಿಸುತ್ತಾರೆ, ಬಿಸಿಬಿಸಿ ಇದ್ದಾಗ ಬಹಳ ಚೆನ್ನ. ಮಾಂಸ ಸುಟ್ಟ ಕಾವಲಿಯಲ್ಲೇ ನಿಮ್ಮದನ್ನೂ ಬಿಸಿ ಮಾಡುವುದು ಬೇಡ ಎಂದಿದ್ದರೆ ಅದನ್ನು ಬಿಡಿಸಿ ಹೇಳಬೇಕು, ಅವರಿಗೆ ತಾನಾಗಿ ಹೊಳೆಯುವುದಿಲ್ಲ. ಚಟ್ನಿಪುಡಿ ಒಂದು ಡಬ್ಬಿ ಇಟ್ಟುಕೊಳ್ಳಿ. ಊರಿನಿಂದ ತರುವ ಯಾವುದೇ ತಿಂಡಿಯನ್ನು ವಿಮಾನ ನಿಲ್ದಾಣದ ಫಾರಂನಲ್ಲಿ ಡಿಕ್ಲೇರ್ ಮಾಡಿಬಿಡಿ, ಮುಚ್ಚಿಟ್ಟರೆ ದೊಡ್ಡ ದಂಡ.

ಅಪ್ಪ ಅಮ್ಮ ಮೈಸೂರಿಂದ ಬರ್ತಿದ್ದಾರೆ. ಅಪ್ಪನಿಗೆ ಮಂಡಿ ನೋವು. ಕರ್ಕೊಂಡು ಹೋಗಬಹುದಾ?

ಉಲುರುವಿಗೆ ಖಂಡಿತ. ಬುಡದ ಸುತ್ತಲಿನ ಪೂರ್ತಿ ದಾರಿ 10.6 ಕಿಲೋಮೀಟರ್, ಸಮತಟ್ಟು. ಅಷ್ಟು ಆಗದವರಿಗೆ ಮುಟಿಜುಲು ಹೊಂಡಕ್ಕೆ ಹೋಗಿಬರುವ 1 ಕಿಲೋಮೀಟರ್ ದಾರಿ ಇದೆ, ಮಾಲಾ ದಾರಿ 2 ಕಿಲೋಮೀಟರ್. ಎರಡೂ ಸುಲಭ, ಮತ್ತು ಇಡೀ ಉಲುರುವಿನಲ್ಲಿ ಚೆಂದದ ಜಾಗಗಳೇ ಅವು. ಕಿಂಗ್ಸ್ ಕ್ಯಾನ್ಯನ್ ಅಂಚಿನ ನಡಿಗೆ ಮಾತ್ರ ಬೇಡ. ಶುರುವಿನಲ್ಲೇ ಸುಮಾರು 500 ಮೆಟ್ಟಿಲು, ನಡುವೆ ವಾಪಸ್ ಬರುವುದೂ ಕಷ್ಟ. ಅವರು ಕೆಳಗಿನ ತೊರೆಯ ದಾರಿಯಲ್ಲಿ ಓಡಾಡಿಕೊಂಡಿರಲಿ.

ವಯಸ್ಸಾದವರಿಗೆ ನೆಲದಿಂದ ಏಳುವುದೇ ನಿಜವಾದ ತೊಂದರೆ. ಮಂಚ ಇರುವ ಕಾಯಂ ಟೆಂಟ್‌ನ ಟ್ರಿಪ್ ನೋಡಿ. ಔಷಧಿಗಳನ್ನು ಲೆಕ್ಕಕ್ಕಿಂತ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ, ವಿಮೆ ಮಾಡಿಸಿ. ಅಲ್ಲಿ ಗಂಭೀರವಾಗಿ ಕಾಯಿಲೆಯಾದರೆ ರಾಯಲ್ ಫ್ಲೈಯಿಂಗ್ ಡಾಕ್ಟರ್ ಸರ್ವೀಸ್‌ನ ವಿಮಾನವೇ ಬರಬೇಕು.

ಟಾಯ್ಲೆಟ್, ಸ್ನಾನ?

ಕ್ಯಾಂಪ್‌ಗಳಲ್ಲಿ ಎರಡೂ ಇವೆ, ಬಿಸಿನೀರೂ ಸಾಮಾನ್ಯವಾಗಿ ಇರುತ್ತದೆ. ನಡಿಗೆಯ ದಾರಿಗಳಲ್ಲಿ ಇರುವುದಿಲ್ಲ, ಹೊರಡುವ ಮುಂಚೆ ಮುಗಿಸಿಕೊಳ್ಳಿ. ಹಾಗೆಂದು ನೀರು ಕುಡಿಯುವುದು ಕಡಿಮೆ ಮಾಡಬೇಡಿ. ಬಿಸಿಲಿನಲ್ಲಿ ನಡೆಯುವಾಗ ಗಂಟೆಗೆ ಒಂದು ಲೀಟರ್ ಬೇಕು.

## ಜಾಗದ ಮರ್ಯಾದೆ

ಹತ್ತೋಕೇ ಬಿಡಲ್ಲ ಅಂದ್ರೆ ಹೋಗಿ ಏನ್ ಮಾಡೋದು?

ಇದನ್ನು ಕೇಳದವರೇ ಇಲ್ಲ. 2019ರ ಅಕ್ಟೋಬರ್ 26ರಿಂದ ಉಲುರು ಹತ್ತುವುದು ಪೂರ್ತಿ ನಿಂತಿದೆ. ಬಂಡೆಗೆ ಹಾಕಿದ್ದ ಸರಪಳಿಯನ್ನೂ ತೆಗೆದರು. ಹತ್ತುತ್ತಿದ್ದ ದಾರಿ ಮಾಲಾ ಎಂಬ ಪುಟ್ಟ ಕಾಂಗರೂ ಜಾತಿಯ ಪ್ರಾಣಿಯ ರೂಪದ ಪೂರ್ವಜರು ಆಚರಣೆಗೆಂದು ನಡೆದ ದಾರಿ, ಅನಂಗು ಜನ ಬೇಡ ಬೇಡ ಎಂದು ದಶಕಗಳಿಂದ ಕೇಳಿಕೊಳ್ಳುತ್ತಿದ್ದರು. ಅಲ್ಲಿ ಕಡಿಮೆಯೆಂದರೂ 37 ಜನ ಸತ್ತಿದ್ದಾರೆ. ತಮ್ಮ ನೆಲಕ್ಕೆ ಬಂದವರು ಸತ್ತರೆ ಆ ದುಃಖದ ಹೊಣೆ ತಮ್ಮದು ಎಂದು ಅನಂಗು ಭಾವಿಸುತ್ತಾರೆ.

ಕೊಡಗಿನ ದೇವರಕಾಡಿನಲ್ಲಿ ಕೊಂಬೆ ಕಡಿಯಬಾರದು ಎಂದರೆ ನಮಗೆ ಯಾರೂ ಕಾರಣ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಇದೂ ಹಾಗೇ. ಹತ್ತುವ ಆತುರ ಇಲ್ಲದಿದ್ದರಿಂದ ಈಗ ಜನ ಬುಡದಲ್ಲಿ ಹೊತ್ತು ಕಳೆಯುತ್ತಾರೆ. ನೋಡುವುದು ಇರುವುದೂ ಅಲ್ಲೇ.

ಕೆಲವು ಕಡೆ ಫೋಟೊ ತೆಗೀಬೇಡಿ ಅಂತ ಬೋರ್ಡ್ ಇರುತ್ತಂತೆ. ದೂರದಿಂದ ತೆಗೆದರೆ ಏನಾಗುತ್ತೆ?

ಬಂಡೆಯ ಕೆಲವು ಭಾಗಗಳು ಗಂಡಸರಿಗೆ ಮಾತ್ರ ಸೇರಿದ್ದು, ಕೆಲವು ಹೆಂಗಸರಿಗೆ ಮಾತ್ರ. ಅನಂಗು ಗಂಡಸರೇ ಹೆಂಗಸರ ಜಾಗಗಳನ್ನು ನೋಡುವುದಿಲ್ಲ. ನೀವು ತೆಗೆದ ಫೋಟೊ ಊರೆಲ್ಲಾ ಸುತ್ತಿ, ನೋಡಬಾರದವರ ಕಣ್ಣಿಗೆ ಬೀಳುತ್ತದೆ. ಆ ಕಲ್ಲಿನ ಆಕಾರದಲ್ಲೇ ಕಥೆ ಇದೆ, ಅದಕ್ಕೇ ಜೂಮ್ ಮಾಡಿ ದೂರದಿಂದ ತೆಗೆದರೂ ಅದು ಅಷ್ಟೇ. ಬೋರ್ಡ್ ಇರುವ ಕಡೆ ಫೋನ್ ಜೇಬಿಗೆ ಹಾಕಿ. ಜನರ ಫೋಟೊವನ್ನು ಕೇಳದೆ ತೆಗೆಯಬೇಡಿ. ಡ್ರೋನ್ ತರಲೇಬೇಡಿ.

ಪವಿತ್ರ ಜಾಗ ಅಂತೀರಿ. ಒಂದು ಕಾಯಿ ಒಡೆದು, ಕುಂಕುಮ ಇಟ್ಟು ಕೈ ಮುಗಿದು ಬರಬಹುದಾ?

ಅಮ್ಮಂದಿರು ಇದನ್ನು ಪ್ರೀತಿಯಿಂದಲೇ ಕೇಳುತ್ತಾರೆ. ಮನಸ್ಸಿನಲ್ಲಿ ಕೈ ಮುಗಿಯಿರಿ. ಕಾಯಿ, ಕುಂಕುಮ, ಹೂವು, ಅಗರಬತ್ತಿ, ಚಿತಾಭಸ್ಮ ಯಾವುದೂ ಬೇಡ. ಅಲ್ಲಿನ ಆಚರಣೆ ಅಲ್ಲಿನವರದ್ದು, ನಾವು ಇನ್ನೊಂದನ್ನು ಸೇರಿಸುವುದು ಸರಿಯಲ್ಲ.

ಹಾಗೇ ಏನನ್ನೂ ತರಲೂಬಾರದು. ಒಂದು ಚಿಟಿಕೆ ಕೆಂಪು ಮಣ್ಣನ್ನೂ. ಕಾನೂನಿನ ಪ್ರಕಾರವೂ ತಪ್ಪು. ಎಷ್ಟೋ ಜನ ಹಿಂದೆ ಕಲ್ಲು ಎತ್ತಿಕೊಂಡು ಹೋಗಿ, ಆಮೇಲೆ ಕ್ಷಮೆ ಕೇಳುವ ಪತ್ರದ ಜೊತೆ ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಪಾರ್ಕ್‌ನ ಸಿಬ್ಬಂದಿ ಅದಕ್ಕೆ ಸಾರಿ ಕಲ್ಲುಗಳು ಎನ್ನುತ್ತಾರೆ. ಪ್ರಪಂಚದ ನಾನಾ ಕಡೆಯಿಂದ ಇನ್ನೂ ಬರುತ್ತಲೇ ಇವೆ.

ಮುಟ್ಟಾದಾಗ ಹೋಗಬಹುದಾ?

ಹೋಗಬಹುದು. ಪ್ರವಾಸಿಗಳಿಗೆ ಅಂಥ ಕಟ್ಟಳೆ ಇಲ್ಲ. ತೆರೆದಿರುವ ದಾರಿಗಳು ಎಲ್ಲರಿಗೂ ತೆರೆದಿವೆ.

ಗೈಡ್ ಕಥೆ ಅರ್ಧಕ್ಕೇ ನಿಲ್ಲಿಸ್ತಾರೆ. ಪೂರ್ತಿ ಯಾಕೆ ಹೇಳಲ್ಲ?

ಅವರಿಗೆ ಹೇಳಲು ಒಪ್ಪಿಗೆ ಇರುವುದು ಅಷ್ಟೇ. ಅನಂಗು ಜನರ ಬದುಕಿನ ಬುಡ ಜುಕುರ್ಪ. ಲೋಕ ಹೇಗಾಯಿತು, ಯಾರು ಯಾರನ್ನು ಹೇಗೆ ನೋಡಿಕೊಳ್ಳಬೇಕು, ನೆಲವನ್ನು ಹೇಗೆ ಕಾಯಬೇಕು ಎಲ್ಲವೂ ಅದರಲ್ಲಿದೆ. ವಯಸ್ಸಿಗೆ, ಹೊಣೆಗೆ ತಕ್ಕಂತೆ ಒಂದೊಂದೇ ಪದರವಾಗಿ ಕಲಿಸುತ್ತಾರೆ. ಹೊರಗಿನವರಿಗೆ ಹೇಳುವುದು ಅವರ ಮಕ್ಕಳಿಗೆ ಹೇಳುವ ಮೊದಲ ಪದರ. ಕಟ ಜುಟದ ಕಥೆಗಳನ್ನಂತೂ ಹೇಳುವುದೇ ಇಲ್ಲ, ಅದು ಗಂಡಸರ ಕಟ್ಟಳೆಗೆ ಸೇರಿದ ಜಾಗ. ಅಲ್ಲಿ ಕೇಳಿ ಕಾಡಬೇಡಿ.

ಹೇಳುವ ಕಥೆಯೇ ಎಷ್ಟಿದೆ ನೋಡಿ. ಮುಟಿಜುಲು ಹೊಂಡದ ಹತ್ತಿರ ನಿಂತು ತಲೆ ಎತ್ತಿದರೆ ಬಂಡೆಯ ಮೇಲೆ ಒಂದು ಕಪ್ಪು ಗೆರೆ ಬಳುಕುತ್ತಾ ಇಳಿಯುತ್ತದೆ. ಅದು ಕುನಿಯ, ಹೆಬ್ಬಾವಿನ ಹೆಂಗಸು. ಪೂರ್ವದಿಂದ ಮೊಟ್ಟೆಗಳನ್ನು ಹೊತ್ತು ಬಂದವಳು. ಲಿರು ಎಂಬ ವಿಷದ ಹಾವಿನ ಗಂಡಸರು ಅವಳ ಸೋದರಳಿಯನನ್ನು ಈಟಿಯಿಂದ ತಿವಿದರು. ಅವಳು ಸಿಟ್ಟಿನಿಂದ ಬಂದಾಗ ಒಬ್ಬ ಲಿರು ಹಂಗಿಸಿದ. ಅವಳು ಅಗೆಯುವ ಕೋಲಿನಿಂದ ಅವನ ತಲೆಗೆ ಎರಡು ಏಟು ಹಾಕಿದಳು. ಬಂಡೆಯಲ್ಲಿ ಎರಡು ಸೀಳುಗಳಿವೆ, ಒಂದು ಚಿಕ್ಕದು, ಇನ್ನೊಂದು ಉದ್ದ ಮತ್ತು ಆಳ. ಗೈಡ್ ಬೆರಳಿಟ್ಟು ತೋರಿಸಿದ ಮೇಲೆ ಅದನ್ನು ಬರೀ ಬಿರುಕು ಎಂದು ನೋಡಲು ಆಗುವುದೇ ಇಲ್ಲ. ಕುನಿಯ ಇನ್ನೂ ಆ ಹೊಂಡವನ್ನು ಕಾಯುತ್ತಾಳೆ ಎನ್ನುತ್ತಾರೆ. ನನಗೆ ಇದು ಸಾಕು ಅನಿಸುತ್ತದೆ. ಹೇಳದೆ ಉಳಿಸಿಕೊಂಡದ್ದರ ಮೇಲೆ ನಮಗೆ ಹಕ್ಕಿಲ್ಲ. ಆ ಗುಟ್ಟನ್ನು ಕಾಪಾಡಿಕೊಂಡೇ ಆ ಜನ ಇಷ್ಟು ಕಾಲ ಬಾಳಿದ್ದಾರೆ.

## ಇನ್ನೂ ತಿಳಿಯಬೇಕು ಅನ್ನುವವರಿಗೆ

ಬಟಾಬಯಲಲ್ಲಿ ಒಂಟಿ ಬಂಡೆ ಹೇಗೆ ಬಂತು? ಆಕಾಶದಿಂದ ಬಿದ್ದಿದ್ದಾ?

ಇಲ್ಲ. ಸುಮಾರು 55 ಕೋಟಿ ವರ್ಷಗಳ ಹಿಂದೆ ಹತ್ತಿರದ ಎತ್ತರದ ಬೆಟ್ಟಗಳು ಸವೆದು, ಮರಳು ಮತ್ತು ಜಲ್ಲಿ ನೀರಿನ ಜೊತೆ ಬಂದು ರಾಶಿ ಬಿದ್ದವು. ಮರಳಿನ ರಾಶಿ ಗಟ್ಟಿಯಾಗಿ ಉಲುರು, ಉರುಟು ಕಲ್ಲುಗಳ ರಾಶಿ ಕಟ ಜುಟ. ಆಮೇಲೆ ಭೂಮಿ ಮಡಚಿಕೊಂಡಾಗ ಉಲುರುವಿನ ಪದರಗಳು ಹೆಚ್ಚುಕಡಿಮೆ ನೆಟ್ಟಗೆ ನಿಂತವು. ಮೇಲೆ ಕಾಣುವ ಉದ್ದುದ್ದ ಗೆರೆಗಳು ಆ ಪದರಗಳೇ. ಸುತ್ತಲಿನ ಮೆತ್ತನೆಯದೆಲ್ಲಾ ಸವೆದು ಇದು ಉಳಿಯಿತು, ಮರಳಿನ ಕೆಳಗೂ ಮುಂದುವರಿದಿದೆ. ಕಲ್ಲಿನ ಒಳಬಣ್ಣ ಬೂದು. ಅದರಲ್ಲಿರುವ ಕಬ್ಬಿಣ ತುಕ್ಕು ಹಿಡಿದು ಹೊರಗೆ ಕೆಂಪು.

ಈ ಜಾಗ ಈಗ ಯಾರದ್ದು? ಟಿಕೆಟ್ ದುಡ್ಡು ಯಾರಿಗೆ ಹೋಗುತ್ತೆ?

ಅನಂಗು ಜನರದ್ದು. 1985ರ ಅಕ್ಟೋಬರ್ 26ರಂದು ಸರ್ಕಾರ ನೆಲದ ಹಕ್ಕನ್ನು ಅವರಿಗೆ ಮರಳಿ ಕೊಟ್ಟಿತು. ಅವರು ಅದನ್ನು ರಾಷ್ಟ್ರೀಯ ಉದ್ಯಾನಕ್ಕೆಂದು 99 ವರ್ಷಗಳ ಗುತ್ತಿಗೆಗೆ ಕೊಟ್ಟರು. ಹತ್ತುವುದನ್ನು ನಿಲ್ಲಿಸಲು 34 ವರ್ಷಗಳ ನಂತರ ಅದೇ ತಾರೀಖನ್ನು ಆರಿಸಿದ್ದು ಇದಕ್ಕೇ. ಆಡಳಿತ ಮಂಡಳಿಯ 12 ಸದಸ್ಯರಲ್ಲಿ 8 ಜನ ಅನಂಗು ಕಡೆಯವರು. ಪ್ರವೇಶ ಶುಲ್ಕದ ನಾಲ್ಕನೇ ಒಂದು ಪಾಲು ಅವರಿಗೆ ಹೋಗುತ್ತದೆ. ಯುನೆಸ್ಕೊ ಪಟ್ಟಿಗೆ 1987ರಲ್ಲಿ ಪ್ರಕೃತಿಗಾಗಿ ಸೇರಿತು, 1994ರಲ್ಲಿ ಸಂಸ್ಕೃತಿಗಾಗಿಯೂ. ಶುಲ್ಕ ಟ್ರಿಪ್‌ನ ದರದಲ್ಲಿ ಸೇರಿದೆಯೋ ಇಲ್ಲವೋ ಕೇಳಿಕೊಳ್ಳಿ.

ಆಸ್ಟ್ರೇಲಿಯಾದಲ್ಲಿ ಒಂಟೆ ಎಲ್ಲಿಂದ ಬಂತು?

ನಮ್ಮ ಕಡೆಯಿಂದಲೇ! 1860ರಲ್ಲಿ ಮೆಲ್ಬರ್ನ್‌ನಿಂದ ಹೊರಟ ಒಂದು ದೊಡ್ಡ ಅನ್ವೇಷಣಾ ತಂಡಕ್ಕೆ ಆಗಿನ ಭಾರತದಿಂದ 24 ಒಂಟೆ ತರಿಸಿದರು. ಆಮೇಲೆ ಸಾವಿರಾರು ಬಂದವು, ಜೊತೆಗೆ ಬಲೂಚಿಸ್ತಾನ, ಪಂಜಾಬ್, ಸಿಂಧ್, ಅಫ್ಘಾನಿಸ್ತಾನದ ಒಂಟೆ ಸವಾರರೂ ಬಂದರು. ಎಲ್ಲರನ್ನೂ ಒಟ್ಟಿಗೆ ಅಫ್ಘನ್ ಎಂದು ಕರೆದರು. ಅಡಿಲೇಡ್‌ನಿಂದ ಆಲಿಸ್ ಸ್ಪ್ರಿಂಗ್ಸ್ ಮೇಲೆ ಡಾರ್ವಿನ್‌ಗೆ ಹೋಗುವ ಘಾನ್ ರೈಲಿನ ಹೆಸರು ಅವರಿಂದ ಬಂದದ್ದು. ಲಾರಿಗಳು ಬಂದ ಮೇಲೆ ಒಂಟೆಗಳನ್ನು ಬಯಲಿಗೆ ಬಿಟ್ಟರು. ಈಗ ಅವು ಕಾಡು ಒಂಟೆಗಳು, ಮರುಭೂಮಿಯ ನೀರಿನ ಹೊಂಡಗಳಿಗೆ ದೊಡ್ಡ ಹಾನಿ.

ರಾತ್ರಿ ಆಕಾಶದಲ್ಲಿ ಏನು ನೋಡಬೇಕು?

ಮೊದಲು ದಕ್ಷಿಣಕ್ಕೆ ತಿರುಗಿ ತ್ರಿಶಂಕು ಹುಡುಕಿ. ಕರ್ನಾಟಕದಿಂದ ಏಪ್ರಿಲ್, ಮೇ ರಾತ್ರಿಗಳಲ್ಲಿ ದಿಗಂತದ ಹತ್ತಿರ ಕಾಣುವ ಆ ನಾಲ್ಕು ನಕ್ಷತ್ರಗಳು ಅಲ್ಲಿ ಆಕಾಶದಲ್ಲಿ ಬಹಳ ಮೇಲಕ್ಕೆ ಬರುತ್ತವೆ. ಅದರ ಪಕ್ಕದಲ್ಲೇ ಒಂದು ಕಪ್ಪು ಮಚ್ಚೆ ಇದೆ. ಆಸ್ಟ್ರೇಲಿಯಾದ ಹಲವು ಮೂಲನಿವಾಸಿ ಸಮುದಾಯಗಳಿಗೆ ಅದು ಎಮು ಹಕ್ಕಿಯ ತಲೆ. ಹಾಲುಹಾದಿಯ ಉದ್ದಕ್ಕೂ ಇರುವ ಕಪ್ಪು ಪಟ್ಟಿ ಅದರ ಕುತ್ತಿಗೆ, ಮೈ. ನಕ್ಷತ್ರ ಇಲ್ಲದ ಕಡೆ ನೋಡುವುದು ನಮಗೆ ಅಭ್ಯಾಸವಿಲ್ಲ, ಸ್ವಲ್ಪ ಹೊತ್ತು ಹಿಡಿಯುತ್ತದೆ. ಜೂನ್, ಜುಲೈನಲ್ಲಿ ಬೆಳಗಿನ ಜಾವ ಎದ್ದಾಗ ಈಶಾನ್ಯಕ್ಕೆ ಕೃತ್ತಿಕೆ ಕಾಣುತ್ತದೆ. ಅನಂಗು ಕಥೆಯಲ್ಲಿ ಅವರು ನ್ಯಿರು ಎಂಬ ಗಂಡಸಿನಿಂದ ತಪ್ಪಿಸಿಕೊಂಡು ಓಡುತ್ತಿರುವ ಏಳು ಜನ ಅಕ್ಕತಂಗಿಯರು.

ಮೂಲನಿವಾಸಿಗಳು ಬಿಡಿಸುವ ಚುಕ್ಕಿ ಚಿತ್ರ ಒಂದು ತರಬೇಕು ಅಂತಿದೆ. ನಕಲಿ ಅಂತ ಹೇಗೆ ಗೊತ್ತಾಗುತ್ತೆ?

ಕಲಾವಿದರ ಹೆಸರು, ಸಮುದಾಯದ ಹೆಸರು ಬರೆದ ಪ್ರಮಾಣಪತ್ರ ಕೇಳಿ. ಅದಿಲ್ಲದ ಬೂಮರಾಂಗ್, ಬಟ್ಟೆ, ಕಪ್‌ಗಳಲ್ಲಿ ಬಹಳಷ್ಟು ಬೇರೆ ದೇಶದಲ್ಲಿ ಅಚ್ಚಾದವು. ಸಮುದಾಯದವರೇ ನಡೆಸುವ ಕಲಾಕೇಂದ್ರದಲ್ಲಿ ಕೊಂಡರೆ ದುಡ್ಡು ಅವರಿಗೇ ತಲುಪುತ್ತದೆ. ಉಲುರು ಸಾಂಸ್ಕೃತಿಕ ಕೇಂದ್ರದಲ್ಲಿ ಅನಂಗು ಜನರದ್ದೇ ಆದ ಮರುಕು ಆರ್ಟ್ಸ್ ಇದೆ. ಮರದ ಮೇಲೆ ಕಾದ ತಂತಿಯಿಂದ ಸುಟ್ಟು ಗೆರೆ ಬಿಡಿಸಿದ ಚಿಕ್ಕ ಹಲ್ಲಿ, ಬಟ್ಟಲುಗಳು ಅಲ್ಲಿ ಸಿಗುತ್ತವೆ. ಚೌಕಾಸಿ ಮಾಡಬೇಡಿ. ದೊಡ್ಡ ಚಿತ್ರ ಕೊಳ್ಳುವವರು ಪಪುನ್ಯದ ಬಗ್ಗೆ ಓದಿಕೊಂಡು ಹೋಗಿ. ಕ್ಯಾನ್ವಾಸ್, ಹಲಗೆಯ ಮೇಲೆ ಚುಕ್ಕಿ ಚಿತ್ರ ಬರೆಯುವ ಈಗಿನ ರೂಢಿ ಬೆಳೆದದ್ದು 1971ರ ಸುಮಾರಿಗೆ ಆ ಊರಿನಲ್ಲಿ.

ಮುಂದಿನ ಸಲ ನಾವೇ ಗಾಡಿ ತಗೊಂಡು ಕಟ ಜುಟದಿಂದ ಇನ್ನೂ ಪಶ್ಚಿಮಕ್ಕೆ ಹೋಗಬೇಕು ಅಂತಿದೀವಿ. ಪರ್ಮಿಟ್ ಬೇಕಾ?

ಬೇಕು. ಕಟ ಜುಟ ದಾಟಿ ಡಾಕರ್ ರಿವರ್ ಎಂಬ ಊರಿನ ಕಡೆ ಹೋಗುವ ರಸ್ತೆ ಮೂಲನಿವಾಸಿಗಳ ನೆಲದ ಮೇಲೆ ಹಾದುಹೋಗುತ್ತದೆ. ಆಲಿಸ್ ಸ್ಪ್ರಿಂಗ್ಸ್‌ನ ಸೆಂಟ್ರಲ್ ಲ್ಯಾಂಡ್ ಕೌನ್ಸಿಲ್‌ನಿಂದ ಅನುಮತಿ ಪಡೆಯಬೇಕು. ಪಶ್ಚಿಮ ಆಸ್ಟ್ರೇಲಿಯಾದ ಗಡಿ ದಾಟಿದರೆ ಅಲ್ಲಿಗೆ ಇನ್ನೊಂದು. ಹೊರಡುವ ಕೆಲವು ವಾರಗಳ ಮುಂಚೆಯೇ ಅರ್ಜಿ ಹಾಕಿ. ಅನುಮತಿ ಇರುವುದು ದಾರಿಗೆ ಮಾತ್ರ, ರಸ್ತೆ ಬಿಟ್ಟು ಒಳಗೆ ಹೋಗಲು ಅಲ್ಲ. ಸಮುದಾಯದಲ್ಲಿ ಯಾರಾದರೂ ತೀರಿಕೊಂಡಾಗ, ಆಚರಣೆ ನಡೆಯುವಾಗ ರಸ್ತೆ ಮುಚ್ಚುವುದೂ ಉಂಟು. ಆಗ ವಾಪಸ್ ತಿರುಗಬೇಕಾಗುತ್ತದೆ. ಅದಕ್ಕೆ ಎರಡು ದಿನ ಜಾಸ್ತಿ ಇಟ್ಟುಕೊಂಡೇ ಹೊರಡಿ. ಮಣ್ಣಿನ ರಸ್ತೆ, ಎರಡು ಸ್ಟೆಪ್ನಿ ಚಕ್ರ, ಸ್ಯಾಟಲೈಟ್ ಫೋನ್, ಜೊತೆಗೆ ತಲೆಗೆ ದಿನಕ್ಕೆ ಹತ್ತು ಲೀಟರ್ ಲೆಕ್ಕದಲ್ಲಿ ನೀರು ಇರಲಿ.